ಮಲೆನಾಡಿನ ಹಳೇ ಮನೆಗೆ ಹಸಿರು ಅಡುಗೆಮನೆ: ಯಾವ ಹಸಿರು, ಎಲ್ಲಿ, ಯಾವುದರಲ್ಲಿ?

ಕಾಫಿಹೂ_ಮೂಡಿಗೆರೆ

ಮೂಡಿಗೆರೆ ಕಡೆಯ ಹೆಂಚಿನ ಮನೆ, ಅಡುಗೆಮನೆ ಹೊಸದಾಗಿ ಮಾಡಿಸಬೇಕಿದೆ. ಒಳಅಳತೆ 12 × 10 ಅಡಿ, ಗೋಡೆ 9 ಅಡಿ ಎತ್ತರ, ಮೇಲೆ ಹಲಗೆ ಮುಚ್ಚಿಗೆ. ಪೂರ್ವಕ್ಕೆ ಒಂದೇ ಕಿಟಕಿ, 4 × 3½ ಅಡಿ. ಕಿಟಕಿಯಾಚೆ ಕಾಫಿ, ಸಿಲ್ವರ್ ಓಕ್, ಒಂದು ಹಲಸಿನ ಮರ. ನೆಲ ಕೆಂಪು ಗಾರೆ. ಎಲ್ಲೂ ಬಿರುಕಿಲ್ಲ, ತೆಗೆಸುವುದಿಲ್ಲ. ಬಾಗಿಲು-ಕಿಟಕಿಗೆ ಹಳೆಯ ಹಸಿರು ಎನಾಮಲ್. ಎಲ್ ಆಕಾರದ ಕಟ್ಟೆ ಒಟ್ಟು 18 ಅಡಿ ಬರುತ್ತದೆ. ಇಡೀ ಅಡುಗೆಮನೆ ಹಸಿರು ಛಾಯೆಗಳಲ್ಲೇ ಇರಲಿ ಅಂತ ಮನೆಮಂದಿಯ ಆಸೆ.

ಕಡು ಹಸಿರು ಹಾಕಿದರೆ ಮಳೆಗಾಲದಲ್ಲಿ ಕತ್ತಲಾಗುತ್ತದಾ? ಕೆಂಪು ನೆಲಕ್ಕೆ ಯಾವ ಹಸಿರು ಹೊಂದುತ್ತದೆ? ಕಟ್ಟೆಗೆ ಹಸಿರು ಕಲ್ಲು ಹಾಕಬಹುದಾ? ಕೆಳಗಿನ ಬಾಗಿಲುಗಳಿಗೆ ಲ್ಯಾಮಿನೇಟಾ, ಪಿಯು (ಪಾಲಿಯುರೆಥೇನ್) ಪೇಂಟಾ? ಕೆಲಸ ಯಾವ ತಿಂಗಳು ಹಿಡಿಸಬೇಕು?

ಬಣ್ಣದಬಟ್ಟಲು

ಶೇಡ್ ಕಾರ್ಡ್ ಬಿಚ್ಚುವ ಮೊದಲು ಕಿಟಕಿ ನೋಡಿ. ನಿಮ್ಮ ಕಿಟಕಿಯಿಂದ ಬರುವುದು ಬಿಳಿ ಬೆಳಕಲ್ಲ. ಕಾಫಿ ಮತ್ತು ಮರಗಳ ಮೇಲೆ ಬಿದ್ದು ಒಳಗೆ ಬರುವ ಬೆಳಕು ಆಗಲೇ ಹಸಿರಾಗಿರುತ್ತದೆ. ಬಿಳಿ ಗೋಡೆಯ ಮೇಲೂ ಆ ಛಾಯೆ ಬೀಳುತ್ತದೆ. ಅದರ ಮೇಲೆ ನೀವು ಗಿಳಿಹಸಿರು ಬಳಿದರೆ ಗೋಡೆ ಕಾರ್ಡಿನಲ್ಲಿ ಕಂಡದ್ದಕ್ಕಿಂತ ಎರಡು ಪಟ್ಟು ಹಸಿರಾಗಿ ಕಾಣುತ್ತದೆ, ಕಟ್ಟೆಯ ಮೇಲೆ ಇಟ್ಟ ಅನ್ನಕ್ಕೂ ಹಸಿರು ಮೆತ್ತುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡದ ಬೆಳಕು ತಣ್ಣಗೆ, ನೀಲಿ ಕಡೆಗೆ ವಾಲಿರುತ್ತದೆ. ಆಗ ನೀಲಿ ಬೆರೆತ ಹಸಿರುಗಳು ಆಸ್ಪತ್ರೆಯ ಪರದೆಯ ಬಣ್ಣಕ್ಕೆ ಇಳಿಯುತ್ತವೆ. ಹಾಗಾಗಿ ಮಲೆನಾಡಿನ ಅಡುಗೆಮನೆಗೆ ಹಳದಿ ಅಥವಾ ಬೂದು ಬೆರೆತ ಹಸಿರು ಬೇಕು: ಸೇಜ್ (ಬೂದು ಹಸಿರು), ಆಲಿವ್ (ಹಳದಿ ಕಂದು ಬೆರೆತ ಹಸಿರು), ಪಾಚಿಹಸಿರು, ಬಾಳೆಸುಳಿಯ ತಿಳಿಹಸಿರು. ಟೀಲ್, ಮಿಂಟ್, ಸಮುದ್ರಹಸಿರು ಬೇಡ.

ಕತ್ತಲಾಗುತ್ತದಾ ಅನ್ನುವುದಕ್ಕೆ ಒಂದು ಅಳತೆ ಇದೆ. ಬಣ್ಣದ ಕಂಪನಿಗಳು ಪ್ರತಿ ಶೇಡಿಗೂ ಎಲ್‌ಆರ್‌ವಿ ಅಂತ ಕೊಡುತ್ತವೆ, ಬಿದ್ದ ಬೆಳಕಿನಲ್ಲಿ ಎಷ್ಟು ಪಾಲು ತಿರುಗಿ ಬರುತ್ತದೆ ಅನ್ನುವ ಅಂಕ, ನೂರಕ್ಕೆ. ಒಳ್ಳೆಯ ಬಿಳಿ 85ರ ಆಸುಪಾಸು, ತಿಳಿ ಸೇಜ್ 50ರಿಂದ 60, ಆಲಿವ್ 20ರ ಹತ್ತಿರ, ಬಾಟಲ್ ಗ್ರೀನ್ 10ಕ್ಕಿಂತ ಕೆಳಗೆ. ಒಂದೇ ಕಿಟಕಿಯ ಕೋಣೆಯಲ್ಲಿ ಗೋಡೆ 55ಕ್ಕಿಂತ ಕೆಳಗಿಳಿಯಬಾರದು, ಮುಚ್ಚಿಗೆ 75ರ ಮೇಲಿರಬೇಕು. ಕಡು ಹಸಿರು ಎಷ್ಟೇ ಇಷ್ಟವಿದ್ದರೂ ಕಟ್ಟೆಯ ಕೆಳಗಿನ ಬಾಗಿಲುಗಳಿಗೆ ಮಾತ್ರ. ಬೆಳಕು ಬೀಳುವುದು ಮೇಲಿನ ಅರ್ಧದಲ್ಲಿ, ಅಲ್ಲಿ ಅದನ್ನು ನುಂಗುವ ಬಣ್ಣ ಇಡಬೇಡಿ.

ಕೆಂಪು ನೆಲದ ವಿಷಯ. ಕೆಂಪೂ ಹಸಿರೂ ಬಣ್ಣದ ಚಕ್ರದಲ್ಲಿ ಎದುರುಬದುರು. ಎರಡೂ ಒಂದೇ ಗಾಢತೆಯಲ್ಲಿದ್ದರೆ ಎಣ್ಣೆ-ಸೀಗೆಕಾಯಿ ಸಂಬಂಧ. ಒಂದನ್ನು ಬೂದಿಗೆ ಇಳಿಸಿದರೆ ಇನ್ನೊಂದು ಕಳೆಗಟ್ಟುತ್ತದೆ. ನಿಮ್ಮ ನೆಲ ಗಾಢವಾಗಿದೆ, ಆದ್ದರಿಂದ ಹಸಿರು ಬೂದಾಗಬೇಕು. ಇನ್ನೊಂದು ಮಾತು: ಹೊಳೆಯುವ ಕೆಂಪು ನೆಲ ತನ್ನ ಬಣ್ಣವನ್ನು ಕೆಳಗಿನ ಬಾಗಿಲುಗಳ ಮೇಲೆ ಎರಚುತ್ತದೆ, ಕೆಳಗಿನ ಒಂದಡಿ ಹಸಿರು ಕಂದಾಗಿ ಕಾಣುತ್ತದೆ. ಕಟ್ಟೆಯಡಿಯ 4 ಇಂಚಿನ ಕಾಲ್ಪಟ್ಟಿಯನ್ನು ಕಪ್ಪು ಕಲ್ಲಲ್ಲಿ ಮಾಡಿಸಿ ಒಳಕ್ಕೆ 2 ಇಂಚು ಸರಿಸಿದರೆ ಎರಡು ಬಣ್ಣಗಳ ನಡುವೆ ನೆರಳಿನ ಗೆರೆ ಬೀಳುತ್ತದೆ, ಕಣ್ಣಿಗೆ ಹಿತ.

ಯಾವ ಬೂದು ಹಸಿರು ಅಂತ ಕೇಳಿದರೆ, ಬೇಲೂರು-ಹಳೇಬೀಡಿಗೆ ಹೋಗಿ ಗುಡಿಯ ನೆರಳಿನ ಗೋಡೆ ನೋಡಿ. ಹೊಯ್ಸಳರು ಕೆತ್ತಿದ ಬಳಪದ ಕಲ್ಲಿನಲ್ಲಿ ಕ್ಲೋರೈಟ್ ಎಂಬ ಹಸಿರು ಖನಿಜ ಇದೆ. ಮೋಡದ ದಿನ ಆ ಕಲ್ಲು ತೋರುವ ಬೂದು ಹಸಿರನ್ನು ಮನಸ್ಸಲ್ಲಿಟ್ಟುಕೊಂಡು ಕಾರ್ಡ್ ತಿರುವಿ. ಕೆಂಪು ಗಾರೆಯ ಪಕ್ಕ ಅದಕ್ಕಿಂತ ಚೆಂದದ ಹಸಿರು ಇಲ್ಲ.

ಮರಗೆಲಸ_ಹಾಸನ

ಬಣ್ಣದಬಟ್ಟಲು ಅವರ ಮಾತು ಮೂಡಿಗೆರೆಗೆ ಸರಿ. ಓದುವ ಬೇರೆಯವರಿಗೆ ಹೇಳುವುದು: ಹಾಸನ, ಅರಸೀಕೆರೆ, ಕಡೂರು ಕಡೆ ಬೆಳಕು ಬೇರೆ, ಒಣಹವೆ ಬೇರೆ. ದಕ್ಷಿಣಕ್ಕೋ ಪಶ್ಚಿಮಕ್ಕೋ ದೊಡ್ಡ ಕಿಟಕಿ ಇರುವ ಅಲ್ಲಿನ ಅಡುಗೆಮನೆಗೆ ಕಡು ಹಸಿರು ಗೋಡೆಯೂ ಒಪ್ಪುತ್ತದೆ, ಕಣ್ಣು ಕುಕ್ಕುವ ಬಿಸಿಲಿನ ಬೆಳಕನ್ನು ತಗ್ಗಿಸುತ್ತದೆ.

ಈಗ ಬಾಗಿಲು, ಖಾನೆ. ಮಲೆನಾಡಿನಲ್ಲಿ ಕೆಳಗಿನ ಖಾನೆಗಳನ್ನು ಪ್ಲೈಯಲ್ಲಿ ಮಾಡಿಸಬೇಡಿ. ಗೆದ್ದಲು, ನೆಲದ ತೇವ, ಸಿಂಕಿನ ಸೋರಿಕೆ ಮೂರೂ ಕೆಳಗಿಂದಲೇ ಬರುತ್ತವೆ. ಗ್ರಾನೈಟ್ ಅಥವಾ ಕಡಪ ಚಪ್ಪಡಿಯನ್ನು ನಿಲ್ಲಿಸಿ ಖಾನೆ ಮಾಡಿ, ಮುಂದಿನ ಬಾಗಿಲು ಮಾತ್ರ ಮರದ್ದಿರಲಿ. ಕಲ್ಲಿಗೆ ನೇರ ಹಿಂಜ್ ಕೂರಿಸಿದರೆ ಅಂಚು ಒಡೆಯುತ್ತದೆ. 2 × ¾ ಇಂಚಿನ ಗಟ್ಟಿ ಮರದ ಪಟ್ಟಿಯನ್ನು ಕಲ್ಲಿನ ಮುಂದಿನ ಅಂಚಿಗೆ ಎಪಾಕ್ಸಿ ಹಚ್ಚಿ, ಪ್ಲಗ್ ಹಾಕಿ ಸ್ಕ್ರೂ ಬಿಗಿಸಿ; ಹಿಂಜ್ ಆ ಪಟ್ಟಿಗೆ. ಸ್ಕ್ರೂ, ಹಿಂಜ್, ಬುಟ್ಟಿ ಎಲ್ಲ 304 ದರ್ಜೆಯ ಸ್ಟೀಲ್. 202 ದರ್ಜೆ ಹೊಳಪಲ್ಲಿ ಒಂದೇ ಥರ ಕಾಣುತ್ತದೆ, ಆದರೆ ಮಳೆಗಾಲದಲ್ಲಿ ಚುಕ್ಕೆ ಚುಕ್ಕೆ ತುಕ್ಕು ಹಿಡಿಯುತ್ತದೆ. ತಿಳಿಹಸಿರಿನ ಮೇಲೆ ಆ ತುಕ್ಕಿನ ನೀರು ಇಳಿದರೆ ಕಲೆ ಹೋಗುವುದಿಲ್ಲ.

ಮೇಲಿನ ಖಾನೆಗಳಿಗೆ 18 ಎಂಎಂ ಪ್ಲೈ, ಐಎಸ್ 710 ಮುದ್ರೆ (ನೀರು ತಡೆಯುವ ಮರೀನ್ ಪ್ಲೈಯ ಮಾನದಂಡ) ಇರುವುದು. ಐಎಸ್ 303 ಅಡಿಯಲ್ಲಿ ಬರುವ, ಅದಕ್ಕಿಂತ ಕೆಳದರ್ಜೆಯ ಬಿಡಬ್ಲ್ಯುಆರ್ ಪ್ಲೈಯನ್ನು ಅಂಗಡಿಯಲ್ಲಿ ‘ವಾಟರ್‌ಪ್ರೂಫ್’ ಅಂತಲೇ ಮಾರುತ್ತಾರೆ, ಹಾಳೆಯ ಮೇಲಿನ ಮುದ್ರೆ ಓದಿ ತಗೊಳ್ಳಿ. ಹಿಂಬದಿಗೂ ಗೋಡೆಗೂ 10ರಿಂದ 15 ಎಂಎಂ ಸಂದು ಬಿಡಬೇಕು. ಗೋಡೆಗೆ ಅಂಟಿಸಿ ಕೂರಿಸಿದ ಖಾನೆಯ ಬೆನ್ನಿಗೆ ಜುಲೈ ಹೊತ್ತಿಗೆ ಬೂಸ್ಟು ಗ್ಯಾರಂಟಿ.

ಲ್ಯಾಮಿನೇಟಾ ಪಿಯುವಾ ಅನ್ನುವುದಕ್ಕೆ ನನ್ನ ಉತ್ತರ: ಮ್ಯಾಟ್ ಲ್ಯಾಮಿನೇಟ್, 1 ಎಂಎಂ, ಅಂಚಿಗೆ 2 ಎಂಎಂ ಪಿವಿಸಿ ಪಟ್ಟಿ. ಪಿಯು ಚೆಂದ, ಆದರೆ ಅದರ ಹಾರ್ಡನರ್ ನೀರಿನ ಜೊತೆ ವರ್ತಿಸಿ ಗಾಳಿಗುಳ್ಳೆ ಬಿಡುತ್ತದೆ. ಗಾಳಿಯ ತೇವ 80% ದಾಟಿದ ದಿನ ಸೈಟಿನಲ್ಲಿ ಪಿಯು ಹೊಡೆದರೆ ಗುಳ್ಳೆ, ಬಿಳಿಚು ಎರಡೂ ಬರುತ್ತವೆ, ಕಡು ಹಸಿರಿನಲ್ಲಿ ಅದು ಎದ್ದು ಕಾಣುತ್ತದೆ. ಪಿಯು ಬೇಕೇ ಬೇಕು ಅಂದರೆ ಕಾರ್ಖಾನೆಯಲ್ಲಿ ಬಣ್ಣ ಹೊಡೆಯುವ ಮುಚ್ಚಿದ ಬೂತಿನೊಳಗೆ ಮಾಡಿಸಿ ತನ್ನಿ, ಅಥವಾ ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸಿ.

ಒಂದು ಎಚ್ಚರಿಕೆ: ಕಡು ಹಸಿರು ಮ್ಯಾಟ್ ಮೇಲೆ ಅಕ್ಕಿಹಿಟ್ಟಿನ ಕೈಗುರುತು ಬಿಳಿಯಾಗಿ ಕೂರುತ್ತದೆ. ದಿನಾ ಅಕ್ಕಿರೊಟ್ಟಿ ತಟ್ಟುವ ಮನೆಯಾದರೆ ತಟ್ಟುವ ಜಾಗದ ಕೆಳಗೆ ಡ್ರಾಯರ್ ಬೇಡ, ಹಿಡಿಕೆ ಉದ್ದವಾಗಿರಲಿ, ಬಾಗಿಲು ಮುಟ್ಟದೆಯೇ ತೆರೆಯುವಂತಿರಬೇಕು.

ಕಾಫಿಹೂ_ಮೂಡಿಗೆರೆ

ಲ್ಯಾಮಿನೇಟ್ ಬದಲು ಹಲಸಿನ ಮರದ ಚೌಕಟ್ಟು, ನಡುವೆ ಹಸಿರು ಬಳಿದ ಹಲಗೆ ಮಾಡಿಸಬಹುದಾ? ಕೊಯ್ದು ಒಣಗಿಸಿದ ಮರ ಇದೆ.

ಮರಗೆಲಸ_ಹಾಸನ

ಖಂಡಿತ. ಹಲಸಿನ ಹಳದಿ ಕಂದು ಆಲಿವ್, ಸೇಜ್ ಎರಡಕ್ಕೂ ಹೊಂದುತ್ತದೆ, ವರ್ಷ ಕಳೆದಂತೆ ಕಡುವಾಗುತ್ತದೆ. ಆದರೆ ನಡುವಿನ ಹಲಗೆ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಚೌಕಟ್ಟಿನ ಗಾಡಿಯಲ್ಲಿ (ಹಲಗೆ ಕೂರುವ ಸೀಳು) ಎರಡೂ ಬದಿ 2–3 ಎಂಎಂ ಜಾಗ ಬಿಡಿ, ಹಲಗೆಗೆ ಅಂಟು ಹಾಕಬೇಡಿ, ಗಾಡಿಯಲ್ಲಿ ಆಡುವಂತಿರಲಿ. ಮುಖ್ಯವಾದದ್ದು: ಹಲಗೆಗೆ ಬಣ್ಣವನ್ನು ಕೂರಿಸುವ ಮೊದಲೇ, ನಾಲ್ಕೂ ಅಂಚು ಸೇರಿಸಿ ಬಳಿಯಬೇಕು. ಕೂರಿಸಿದ ಮೇಲೆ ಬಳಿದರೆ ಮಾರ್ಚಿನಲ್ಲಿ ಹಲಗೆ ಕುಗ್ಗಿದಾಗ ಹಸಿರಿನ ಅಂಚಿನಲ್ಲಿ ಬಣ್ಣ ಕಾಣದ ಹಸಿ ಮರದ ಗೆರೆ ಹೊರಬರುತ್ತದೆ. ಬಡಗಿಗಳು ‘ಆಮೇಲೆ ಒಟ್ಟಿಗೇ ಹೊಡೆಯೋಣ’ ಅನ್ನುತ್ತಾರೆ, ಒಪ್ಪಬೇಡಿ. ನಡುವಿನ ಹಲಗೆಗೆ 9 ಎಂಎಂ ಐಎಸ್ 710 ಪ್ಲೈ ಹಾಕಿದರೆ ಈ ಹಿಗ್ಗು-ಕುಗ್ಗಿನ ತಲೆನೋವೇ ಇಲ್ಲ, ನೋಟವೂ ಬದಲಾಗುವುದಿಲ್ಲ.

ಕಲ್ಲುಚಪ್ಪಡಿ

ಹಸಿರು ಕಲ್ಲು ಬೇಕು ಅಂದವರು ಎರಡು ವಸ್ತುಗಳನ್ನು ಬೇರೆ ಬೇರೆ ಇಟ್ಟು ನೋಡಿ, ಅಂಗಡಿಯಲ್ಲಿ ಎರಡಕ್ಕೂ ‘ಗ್ರೀನ್’ ಅಂತಲೇ ಹೆಸರು.

ಒಂದು, ಹಸಿರು ಮಾರ್ಬಲ್. ರಾಜಸ್ಥಾನದಿಂದ ಬರುವ ಹಸಿರು ಮಾರ್ಬಲ್ ನಿಜದಲ್ಲಿ ಸರ್ಪೆಂಟೀನ್ ಕಲ್ಲು. ಅದರ ಬಿಳಿ ಎಳೆಗಳು ಬಹುಪಾಲು ಕ್ಯಾಲ್ಸೈಟ್. ನಿಂಬೆ, ಹುಣಸೆ, ಮಜ್ಜಿಗೆ ಬಿದ್ದ ಕಡೆ ಎಳೆ ಸವೆದು ಹೊಳಪು ಹೋಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ತೆಳು ಸರ್ಪೆಂಟೀನ್ ಟೈಲ್ ಒಂದೇ ಬದಿಯಿಂದ ನೀರು ಕುಡಿದರೆ ಬಾಗುತ್ತದೆ. ಸಿಮೆಂಟ್ ಗಾರೆಯಲ್ಲೋ ನೀರು ಕಲಸುವ ಅಂಟಿನಲ್ಲೋ ಕೂರಿಸಿದ ಹಸಿರು ಮಾರ್ಬಲ್ ಟೈಲಿನ ಮೂಲೆಗಳು ಎದ್ದು ನಿಲ್ಲುವುದು ಇದರಿಂದಲೇ. ಮೇಸ್ತ್ರಿಯ ಕೈಕೆಲಸದ ದೋಷವಲ್ಲ. ಹಾಕಲೇಬೇಕಿದ್ದರೆ ನೀರಿಲ್ಲದ ಎಪಾಕ್ಸಿ ಅಂಟಿನಲ್ಲಿ, ಒಲೆ-ಸಿಂಕಿನಿಂದ ದೂರದ ಗೋಡೆಗೆ ಮಾತ್ರ.

ಎರಡು, ಕಟ್ಟೆಗೆ ಯೋಗ್ಯವಾದದ್ದು. ‘ಹಾಸನ ಗ್ರೀನ್’ ಅಂತ ಮಾರುಕಟ್ಟೆಯಲ್ಲಿ ಹೆಸರಿರುವ ಕಡು ಹಸಿರು ಕಲ್ಲು ಇದೆ. ಒಣಗಿದ್ದಾಗ ಹೆಚ್ಚುಕಮ್ಮಿ ಕಪ್ಪು, ನೀರು ಬಿದ್ದಾಗ ಅಥವಾ ಓರೆ ಬೆಳಕಲ್ಲಿ ಹಸಿರು ಹೊರಬರುತ್ತದೆ. ಕೆಂಪು ನೆಲ, ಸೇಜ್ ಬಾಗಿಲು, ಮೇಲೆ ಈ ಕಲ್ಲು, ಇದಕ್ಕಿಂತ ಹೆಚ್ಚು ಹಸಿರು ಕಟ್ಟೆಯಲ್ಲಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ತರಕಾರಿ ಹೆಚ್ಚುವಾಗ ಕಣ್ಣಿಗೆ ಸೊಪ್ಪು ಬೇರೆಯಾಗಿ ಕಾಣಬೇಕು ತಾನೆ.

ಕಲ್ಲು ಕೊಳ್ಳುವಾಗ ಎರಡು ಪರೀಕ್ಷೆ ಅಂಗಡಿಯಲ್ಲೇ ಮಾಡಿ. ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ, ಅಂದರೆ ಉಗುರುಬಣ್ಣ ತೆಗೆಯುವ ದ್ರವ, ಮೂಲೆಯಲ್ಲಿ ಗಟ್ಟಿಯಾಗಿ ಉಜ್ಜಿ. ಬಟ್ಟೆಗೆ ಹಸಿರೋ ಕಪ್ಪೋ ಹತ್ತಿದರೆ ಬಣ್ಣ ಕುಡಿಸಿದ ಕಲ್ಲು, ಬಿಟ್ಟುಬಿಡಿ. ಇನ್ನೊಂದು, ಪಾಲಿಶ್ ಆದ ಮುಖದ ಮೇಲೆ ಒಂದು ಚಮಚ ನೀರು ಹಾಕಿ 10 ನಿಮಿಷ ಬಿಟ್ಟು ಒರೆಸಿ. ಕಲೆಯಾಗಿ ಕಡುವಾದರೆ ಕಲ್ಲು ಹೀರುತ್ತದೆ, ಎಣ್ಣೆಯೂ ಹಾಗೇ ಇಳಿಯುತ್ತದೆ; ಸೀಲರ್ ಹಾಕದೆ ಬಳಸುವಂತಿಲ್ಲ. ದಪ್ಪ 18–20 ಎಂಎಂ, ಸಿಂಕಿನ ಕಟಿಂಗ್ ಮೂಲೆಗಳು ಗುಂಡಾಗಿರಬೇಕು. ಚೌಕ ಮೂಲೆಯಿಂದಲೇ ಬಿರುಕು ಶುರುವಾಗುವುದು.

ಬಳಪದ ಕಲ್ಲಿನ ಮಾತು ಬಂದದ್ದಕ್ಕೆ: ಅದನ್ನು ಕಟ್ಟೆಗೆ ಹಾಕುವ ಹುಚ್ಚು ಬೇಡ, ಚಾಕುವಿಗೇ ಗೀರು ಬೀಳುತ್ತದೆ. ಆದರೆ ಹುಳಿಗೆ ಜಗ್ಗುವುದಿಲ್ಲ, ಉಪ್ಪಿನಕಾಯಿಗೆ ಕಲ್ಲುಮರಿಗೆ ಬಳಸಿದ್ದು ಅದಕ್ಕೇ. ಕಿಟಕಿಯ ಒಳಹಾಸಿಗೆ 4 ಅಡಿಯ ಒಂದು ಪಟ್ಟಿ ಹಾಕಿಸಿ.

ಗಾರೆನೆಲ

ಕಟ್ಟೆ ಮತ್ತು ಮೇಲಿನ ಖಾನೆಯ ನಡುವಿನ ಗೋಡೆಗೆ ಟೈಲೇ ಯಾಕೆ? ನೆಲ ಕೆಂಪು ಗಾರೆಯಾದರೆ ಗೋಡೆಗೆ ಹಸಿರು ಗಾರೆ ಅದೇ ಕುಲದ್ದು. 18 ಅಡಿ ಉದ್ದ, 2 ಅಡಿ ಎತ್ತರ, ಒಟ್ಟು 36 ಚದರಡಿ. ಲೆಕ್ಕ ಕೊಡುತ್ತೇನೆ.

ತಳಪದರ: 12 ಎಂಎಂ, ಸಿಮೆಂಟ್ 1, ತೊಳೆದ ಮರಳು 4. ಮೇಲ್ಮೈ ಗೀಚಿ ಒರಟಾಗಿಡಿ. ಮೇಲ್ಪದರ: 4 ಎಂಎಂ, ಬಿಳಿ ಸಿಮೆಂಟ್ 15 ಕೆಜಿ, ನುಣ್ಣನೆಯ ಮಾರ್ಬಲ್ ಪುಡಿ 15 ಕೆಜಿ, ಕ್ರೋಮಿಯಂ ಆಕ್ಸೈಡ್ ಹಸಿರು 900 ಗ್ರಾಂ. ಅಂದರೆ ಸಿಮೆಂಟಿನ ತೂಕದ 6%. 10% ದಾಟಬಾರದು, ಬಣ್ಣ ಹೆಚ್ಚಾದಷ್ಟೂ ಸಿಮೆಂಟಿನ ಹಿಡಿತ ಕಡಿಮೆ, ಪುಡಿಯಾಗಿ ಕೈಗೆ ಬರುತ್ತದೆ. ಮೂರನ್ನೂ ಒಣಗಿದ್ದಾಗಲೇ, ಇಡೀ ಗೋಡೆಗೆ ಬೇಕಾದಷ್ಟನ್ನು ಒಂದೇ ಸಲ ಕಲಸಿ, ಎರಡು ಸಲ ಜರಡಿ ಹಿಡಿದು ಡಬ್ಬಿಯಲ್ಲಿಡಿ. ಬೇಕಾದಷ್ಟನ್ನೇ ತೆಗೆದು ನೀರು ಹಾಕಿ. ನೀರನ್ನೂ ಅಳೆದೇ ಹಾಕಿ, ಒಂದು ಬಟ್ಟಲಿಗೆ ಹೆಚ್ಚು ನೀರು ಬಿದ್ದರೆ ಆ ಭಾಗ ತಿಳಿಯಾಗಿ ನಿಲ್ಲುತ್ತದೆ. ಬೂದು ಸಿಮೆಂಟ್ ಹಾಕಿದರೆ ಮಂಕು ಪಾಚಿಬಣ್ಣ ಬರುತ್ತದೆ, ಕೆಲವರಿಗೆ ಅದೇ ಇಷ್ಟ.

ಪ್ರತಿ 3–4 ಅಡಿಗೆ ಒಂದು ಗಾಜಿನ ಅಥವಾ ಹಿತ್ತಾಳೆ ಪಟ್ಟಿ ನಿಲ್ಲಿಸಿ, ಬಿರುಕು ಬಂದರೆ ಅಲ್ಲಿಗೇ ನಿಲ್ಲುತ್ತದೆ. ತಳಪದರ ಪೂರ್ತಿ ಒಣಗುವ ಮೊದಲೇ ಮೇಲ್ಪದರ ಏರಿಸಿ, ಸ್ಟೀಲ್ ಕರಣೆಯಲ್ಲಿ ಒತ್ತಿ ಒತ್ತಿ ಹೊಳಪು ತನ್ನಿ. ಮರುದಿನದಿಂದ 7 ದಿನ ಒದ್ದೆ ಬಿಳಿ ಬಟ್ಟೆ ಹೊದೆಸಿ. ಗೋಣಿಚೀಲ ಬೇಡ, ಸೆಣಬಿನ ಕಂದು ಬಿಳಿ ಸಿಮೆಂಟಿಗೆ ಇಳಿಯುತ್ತದೆ. ಆಮೇಲೆ ಮೂರು ವಾರ ಒಣಗಲು ಬಿಟ್ಟು ಮೇಣ ಉಜ್ಜಿ.

ಬಣ್ಣದ ಪುಡಿಯಲ್ಲೇ ಜನ ಮೋಸಹೋಗುವುದು. ಕ್ರೋಮಿಯಂ ಆಕ್ಸೈಡ್ ಸುಣ್ಣಕ್ಕೂ ಬಿಸಿಲಿಗೂ ಜಗ್ಗುವುದಿಲ್ಲ, ಬೆಲೆ ಹೆಚ್ಚು, ನೋಡಲು ಸ್ವಲ್ಪ ಮಂಕಾದ ಆಲಿವ್ ಹಸಿರು. ತುಂಬಾ ಢಾಳಾದ, ಅಗ್ಗದ ‘ಹಸಿರು ಆಕ್ಸೈಡ್’ ಬಹಳ ಸಲ ನೀಲಿ-ಹಳದಿ ಪುಡಿಗಳ ಬೆರಕೆ. ಅದರಲ್ಲಿ ಪ್ರಶ್ಯನ್ ನೀಲಿ ಇದ್ದರೆ ಸಿಮೆಂಟಿನ ಸುಣ್ಣಕ್ಕೆ ಕೆಟ್ಟು ಕಂದಾಗುತ್ತದೆ. ಒಂದು ಲೋಟ ತಿಳಿ ಸುಣ್ಣದ ನೀರಿಗೆ ಅರ್ಧ ಚಮಚ ಪುಡಿ ಕದಡಿ ಒಂದು ವಾರ ಇಡಿ, ಪಕ್ಕದಲ್ಲಿ ಬರೀ ನೀರಿನಲ್ಲಿ ಕದಡಿದ್ದನ್ನೂ ಇಡಿ. ಎರಡರ ಬಣ್ಣ ಬೇರೆಯಾದರೆ ಆ ಪುಡಿ ಗೋಡೆಗೆ ಬೇಡ. ಕ್ರೋಮಿಯಂನ ಅದಿರು ಕ್ರೋಮೈಟ್ ನಮ್ಮ ಹಾಸನ ಜಿಲ್ಲೆಯಲ್ಲೇ, ನುಗ್ಗೇಹಳ್ಳಿ ಸೀಮೆಯ ಬೈರಾಪುರದ ಗಣಿಯಲ್ಲಿ ಸಿಕ್ಕಿದೆ ಅನ್ನುವುದು ನನಗೆ ಯಾವಾಗಲೂ ಖುಷಿಯ ಸಂಗತಿ.

ಒಲೆಮೂಲೆ

ಗಾರೆ ಚೆಂದ, ಒಪ್ಪುತ್ತೇನೆ. ಆದರೆ ಒಲೆಯ ಹಿಂದಿನ 3 ಅಡಿಗೆ ಬೇಡ. ಒಗ್ಗರಣೆಯ ಎಣ್ಣೆ ಮೇಣದ ಪದರ ದಾಟಿ ಸಿಮೆಂಟಿಗೆ ಇಳಿದರೆ ಅಲ್ಲಿ ಹಸಿರು ಕಡುವಾಗಿ ಮಚ್ಚೆ ನಿಲ್ಲುತ್ತದೆ, ಹುಣಸೆರಸ ಸಿಡಿದರೆ ಬಿಳಿಚು. ಅಷ್ಟು ಭಾಗಕ್ಕೆ ಗ್ಲೇಜ್ ಟೈಲೋ ಕಟ್ಟೆಯದೇ ಕಲ್ಲೋ ಹಾಕಿ.

ಇನ್ನು ಹಬೆ. ಮಲೆನಾಡಿನ ಅಡುಗೆಯಲ್ಲಿ ಕಡುಬು ಬೇಯುವ ಹಬೆಯೇ ಮೇಲಿನ ಖಾನೆಗಳ ಶತ್ರು. ಹಬೆ ಏರಿ ಖಾನೆಯ ಕೆಳ ಅಂಚಿಗೆ ಬಡಿಯುತ್ತದೆ, ಅಂಚುಪಟ್ಟಿಯ ಅಂಟು ಅಲ್ಲೇ ಮೊದಲು ಬಿಡುವುದು. ಒಲೆಯ ಎರಡೂ ಬದಿ ಒಂದೊಂದು ಅಡಿ ಮೇಲ್ಖಾನೆ ಇಲ್ಲದೆ ಬಿಡಿ. ಚಿಮಣಿ 60 ಸೆಂ.ಮೀ. ಅಗಲದ್ದಾದರೂ ಇರಲಿ, ಗ್ಯಾಸ್ ಒಲೆಯ ಮೇಲಿಂದ 26–30 ಇಂಚು ಎತ್ತರದಲ್ಲಿ, 6 ಇಂಚಿನ ಕೊಳವೆ, ತಿರುವು ಎರಡಕ್ಕಿಂತ ಹೆಚ್ಚಿಲ್ಲದೆ ಹೊರಗೆ ಹೋಗಬೇಕು. ಹೆಂಚಿನ ಮಾಡಿನೊಳಗೆ, ಅಟ್ಟದಲ್ಲಿ ಬಾಯಿ ಬಿಟ್ಟು ನಿಲ್ಲಿಸಿದರೆ ಎಣ್ಣೆಯೆಲ್ಲ ರೀಪು-ಪಕಾಸಿಗೆ. ಸಿಲಿಂಡರ್ ಖಾನೆಯ ಬಾಗಿಲಿಗೆ ಗಾಳಿಕಂಡಿ ಕೆಳಗೆ ಇರಲಿ; ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡುತ್ತದೆ.

ಎತ್ತರದ ವಿಷಯ ಯಾರೂ ಹೇಳಲಿಲ್ಲ. ಅಡುಗೆ ಮಾಡುವವರ ಮೊಣಕೈಯಿಂದ 4–6 ಇಂಚು ಕೆಳಗೆ ಕಟ್ಟೆ. ರೊಟ್ಟಿ ತಟ್ಟುವ, ಕಾಯಿ ತುರಿಯುವ ಭಾಗ ಅದಕ್ಕಿಂತ 3 ಇಂಚು ತಗ್ಗಿರಲಿ, ಭುಜ ನೋಯುವುದಿಲ್ಲ.

ಕಲೆಗಳು: ಅರಿಸಿನದ ಕಲೆಗೆ ಸೋಪು ಹಾಕಿದ ಕೂಡಲೇ ಕೆಂಪಾದರೆ ಗಾಬರಿ ಬೇಡ, ಕ್ಷಾರಕ್ಕೆ ಅರಿಸಿನ ತಿರುಗುವ ಬಣ್ಣ ಅದು. ತೊಳೆದು ಬಿಸಿಲು ಬೀಳುವಂತೆ ಬಿಟ್ಟರೆ ತಾನಾಗೇ ಮಾಸುತ್ತದೆ. ಹಲಸಿನ ಮೇಣಕ್ಕೆ ಬ್ಲೇಡು ಹಾಕಿ ಲ್ಯಾಮಿನೇಟ್ ಕೆರೆಯಬೇಡಿ, ಕೊಬ್ಬರಿ ಎಣ್ಣೆ ಸವರಿ ಮೆತ್ತಗಾದ ಮೇಲೆ ಬಟ್ಟೆಯಲ್ಲಿ ಎಳೆಯಿರಿ.

ಬೆಳಕಿಂಡಿ

ಕತ್ತಲೆಯ ಪ್ರಶ್ನೆಗೆ ಬಣ್ಣದಲ್ಲಿ ಮಾತ್ರ ಉತ್ತರ ಹುಡುಕಬೇಡಿ. ಹೆಂಚಿನ ಮನೆ ಇದ್ದವರಿಗೆ ಗಾಜಿನ ಹೆಂಚು ಇದೆ. ಉತ್ತರದ ಇಳಿಜಾರಿನಲ್ಲಿ 6 ಗಾಜಿನ ಹೆಂಚು ಒಟ್ಟಿಗೇ ಹಾಕಿದರೆ ಸುಮಾರು 4 ಚದರಡಿ ಬೆಳಕಿಂಡಿ ಸಿಗುತ್ತದೆ. ಅದರ ನೇರ ಕೆಳಗೆ ಮುಚ್ಚಿಗೆ ಕೊಯ್ದು, ಹೆಂಚಿನಿಂದ ಮುಚ್ಚಿಗೆವರೆಗೆ ನಾಲ್ಕು ಬದಿ ಹಲಗೆ ಕಟ್ಟಿ ಒಳಮೈಗೆ ಬಿಳಿ ಬಳಿದು, ಕೆಳಗೆ ತೆಗೆಯಲು ಬರುವ ಗಾಜು ಕೂರಿಸಿ. ಮೇಲಿಂದ ಬರುವ ಬೆಳಕಿಗೆ ತೋಟದ ಹಸಿರು ಬೆರೆತಿರುವುದಿಲ್ಲ, ಕಟ್ಟೆಯ ಮೇಲೆ ಪದಾರ್ಥದ ನಿಜ ಬಣ್ಣ ಕಾಣುತ್ತದೆ. ಮರದೆಲೆ ಬಿದ್ದು ಪಾಚಿ ಕಟ್ಟುತ್ತದೆ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ತೊಳೆಯಲೇಬೇಕು.

ದೀಪ: 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಅಂಕ ಏರಿದಷ್ಟೂ ನೀಲಿ ಕಡೆಗೆ) ಬಿಳಿ ಬಲ್ಬು ಹಾಕಿದರೆ ಸೇಜ್ ಹೋಗಿ ಆಸ್ಪತ್ರೆ ಬಣ್ಣವಾಗುತ್ತದೆ, 3000ರಲ್ಲಿ ಸೇಜ್ ಹಳದಿಯಾಗಿ ಆಲಿವ್ ಕಡೆ ಜಾರುತ್ತದೆ. ಕೆಲಸದ ಬೆಳಕಿಗೆ 4000 ಕೆಲ್ವಿನ್, ಸಿಆರ್‌ಐ (ವಸ್ತುವಿನ ನಿಜ ಬಣ್ಣ ಎಷ್ಟು ಸರಿಯಾಗಿ ತೋರುತ್ತದೆ ಅನ್ನುವ ಅಂಕ, ನೂರಕ್ಕೆ) 90ಕ್ಕಿಂತ ಮೇಲಿನದು. ಸಿಆರ್‌ಐ 80ರ ಅಗ್ಗದ ಪಟ್ಟಿಗಳಲ್ಲಿ ಕೆಂಪು ಸೊರಗುತ್ತದೆ, ಹಸಿರು ಗೋಡೆಯ ಮುಂದೆ ಟೊಮೇಟೊ, ಮಾಂಸ ಎರಡೂ ಹಳಸಿದಂತೆ ಕಾಣುತ್ತವೆ. ಮೇಲ್ಖಾನೆಯ ಕೆಳಗೆ ಮೀಟರಿಗೆ 10–12 ವ್ಯಾಟಿನ ಎಲ್‌ಇಡಿ ಪಟ್ಟಿ, ಅಲ್ಯೂಮಿನಿಯಂ ಚಾನಲಿನಲ್ಲಿ, ಮುಂದಿನ ಅಂಚಿನ ಹತ್ತಿರ. ಹಿಂದೆ ಗೋಡೆ ಪಕ್ಕ ಹಾಕಿದರೆ ಟೈಲ್ ಮಿಂಚುತ್ತದೆಯೇ ಹೊರತು ಹೆಚ್ಚುವ ಮಣೆಗೆ ಬೆಳಕು ಬರುವುದಿಲ್ಲ. ಈ ಪಟ್ಟಿಯನ್ನು ಇನ್ವರ್ಟರ್ ಲೈನಿಗೆ ಕೊಡಿ, ಮಳೆಗಾಲದಲ್ಲಿ ಕರೆಂಟ್ ಹೋಗುವುದು ಗೊತ್ತೇ ಇದೆಯಲ್ಲ.

ಬಣ್ಣದಬಟ್ಟಲು

ಹಳೆಯ ಹಸಿರು ಎನಾಮಲ್ ಬಗ್ಗೆ ಯಾರೂ ಎಚ್ಚರಿಸಿಲ್ಲ, ಇದು ಮುಖ್ಯ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಪಾಲು) ಮೀರಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕಿಂತ ಹಳೆಯ ಹಸಿರು, ಹಳದಿ ಎನಾಮಲ್‌ಗಳಲ್ಲಿ ಸೀಸದ ಕ್ರೋಮೇಟ್ ಇರುವ ಸಾಧ್ಯತೆ ಹೆಚ್ಚು. ಒಣ ಸ್ಯಾಂಡಿಂಗ್ ಮಾಡಿಸಬೇಡಿ, ಬ್ಲೋಲ್ಯಾಂಪಿನಲ್ಲಿ ಸುಡಿಸಬೇಡಿ. ಬಣ್ಣ ಗಟ್ಟಿಯಾಗಿ ಹಿಡಿದಿದ್ದರೆ ಕೀಳುವುದೇ ಬೇಡ. ಲೀಟರ್ ನೀರಿಗೆ 50 ಗ್ರಾಂ ವಾಷಿಂಗ್ ಸೋಡಾ ಹಾಕಿ ಜಿಡ್ಡು ತೊಳೆದು, ಚೆನ್ನಾಗಿ ಜಾಲಿಸಿ, ಒದ್ದೆ ಇದ್ದಾಗಲೇ 180 ನಂಬರಿನ ವಾಟರ್ ಪೇಪರಿನಲ್ಲಿ ಹೊಳಪು ಮುರಿದು, ಹಿಡಿತದ ಪ್ರೈಮರ್ ಒಂದು ಕೋಟ್, ನೀರಿನ ಎನಾಮಲ್ ಎರಡು ಕೋಟ್. ಸಿಪ್ಪೆ ಏಳುವ ಕಡೆ ನೀರು ಸಿಂಪಡಿಸಿ ಕೆರೆದು, ಬಿದ್ದದ್ದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ತೆಗೆಯಿರಿ. ಮಕ್ಕಳು, ಗರ್ಭಿಣಿಯರು ಆ ಹೊತ್ತು ಮನೆಯಲ್ಲಿ ಇರಕೂಡದು. ಕೆರೆದ ಸಿಪ್ಪೆ ಕೋಳಿ ಮೇಯುವ ಅಂಗಳಕ್ಕೂ ಬೀಳಬಾರದು.

ನೀರಿನ ಎನಾಮಲ್ ಅಂತ ಒತ್ತಿ ಹೇಳಿದ್ದಕ್ಕೆ ಕಾರಣ, ಎಣ್ಣೆ ಎನಾಮಲ್ ಬೆಳಕು ಕಮ್ಮಿ ಇರುವ ಅಡುಗೆಮನೆಯಲ್ಲಿ ಹಳದಿಗೆ ತಿರುಗುತ್ತದೆ. ಬಿಳಿಯಲ್ಲಿ ಅದು ಹಳದಿ, ಸೇಜ್‌ನಲ್ಲಿ ಖಾಕಿ.

ಗೋಡೆ ಬಣ್ಣದ ಲೆಕ್ಕ: ಸುತ್ತಳತೆ 44 ಅಡಿ, ಎತ್ತರ 9, ಕಿಟಕಿ, ಬಾಗಿಲು, 36 ಚದರಡಿ ಗಾರೆ-ಟೈಲ್ ಕಳೆದರೆ ಹೆಚ್ಚುಕಮ್ಮಿ 320 ಚದರಡಿ. ಎರಡು ಕೋಟಿಗೆ ಲೀಟರಿಗೆ 110 ಹಿಡಿದರೆ 3 ಲೀಟರ್. ಲೀಟರಿನ ಮೂರು ಡಬ್ಬಿ ಬೇಡ, 4 ಲೀಟರಿನ ಒಂದೇ ಡಬ್ಬಿ ಟಿಂಟ್ ಮಾಡಿಸಿ. ಡಬ್ಬಿಯಿಂದ ಡಬ್ಬಿಗೆ ಹಸಿರು ಒಂದು ಎಳೆ ಬದಲಾಗುತ್ತದೆ, ಗೋಡೆಯ ನಡುವೆ ಡಬ್ಬಿ ಬದಲಾದರೆ ಸಂಜೆಯ ದೀಪದಲ್ಲಿ ಗಡಿ ಕಾಣುತ್ತದೆ. ಕಡು ಹಸಿರು ಎಲ್ಲಿಯಾದರೂ ಬಳಿಯುವುದಿದ್ದರೆ ಕೆಳಗೆ ಬೂದು ಬೆರೆಸಿದ ಪ್ರೈಮರ್ ಹಾಕಿ. ಕಡು ಬೇಸ್‌ಗಳಲ್ಲಿ (ಶೇಡ್ ಬೆರೆಸುವ ಮೂಲ ಪೇಂಟಿನಲ್ಲಿ) ಬಿಳಿ ಪಿಗ್ಮೆಂಟ್ ಕಡಿಮೆ, ಬಿಳಿ ಪ್ರೈಮರಿನ ಮೇಲೆ ಮೂರು ಕೋಟ್ ಹೊಡೆದರೂ ಬ್ರಷ್ ಗೆರೆ ಹಣುಕುತ್ತದೆ.

ಡಬ್ಬಿ ಕೊಳ್ಳುವ ಮುಂಚೆ 2 × 2 ಅಡಿ ಹಾರ್ಡ್‌ಬೋರ್ಡ್‌ಗೆ ಸ್ಯಾಂಪಲ್ ಬಳಿದು, ಬಾಗಿಲಿನ ಬಣ್ಣವಾದರೆ ನೆಲಕ್ಕೆ ತಾಗಿ ನಿಲ್ಲಿಸಿ, ಗೋಡೆಯದಾದರೆ ಕಿಟಕಿ ಎದುರು ನಿಲ್ಲಿಸಿ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ದೀಪದಲ್ಲಿ ನೋಡಿ. ಗೋಡೆಗೆ ನೇರ ಬಳಿದು ನೋಡಿದರೆ ಹಳೆಯ ಬಣ್ಣ ಪಕ್ಕದಲ್ಲಿದ್ದು ಕಣ್ಣು ದಾರಿ ತಪ್ಪುತ್ತದೆ.

ಕಾಫಿಹೂ_ಮೂಡಿಗೆರೆ

ಹೀಗೆ ಅಂದುಕೊಂಡಿದ್ದೇವೆ: ಗೋಡೆ ತಿಳಿ ಸೇಜ್, ಮುಚ್ಚಿಗೆ ಬಿಳಿ, ಕೆಳಗೆ ಕಲ್ಲಿನ ಖಾನೆಗೆ ಹಲಸಿನ ಚೌಕಟ್ಟು, ಆಲಿವ್ ಪ್ಲೈ ಹಲಗೆ. ಕಟ್ಟೆ ಹಾಸನ ಗ್ರೀನ್. ಒಲೆ ಹಿಂದೆ 3 ಅಡಿ ಟೈಲ್, ಉಳಿದದ್ದು ಹಸಿರು ಗಾರೆ. ಉತ್ತರಕ್ಕೆ ಗಾಜಿನ ಹೆಂಚು. ಕೆಲಸದ ಕ್ರಮ ಹೇಗೆ? ಟೈಲ್ 3 × 6 ಇಂಚಿನದು ನೋಡಿದ್ದೇವೆ.

ಗಾರೆನೆಲ

ಮಳೆ ನಿಂತು ಗೋಡೆ ಒಣಗಲು ಬಿಡಿ, ಡಿಸೆಂಬರ್ ನಡುವಿಗೆ ಶುರು ಮಾಡಿ. ಮೊದಲು ಹೆಂಚು, ಮುಚ್ಚಿಗೆ, ಚಿಮಣಿಯ ತೂತು, ವೈರಿಂಗ್, ನಲ್ಲಿ. ಆಮೇಲೆ ಕಲ್ಲಿನ ಖಾನೆ, ಕಟ್ಟೆ. ಕಟ್ಟೆ ಕೂತ ಮೇಲೆಯೇ ಗಾರೆ ಮತ್ತು ಟೈಲ್, ಇಲ್ಲದಿದ್ದರೆ ಕಲ್ಲಿಗೂ ಗೋಡೆಗೂ ನಡುವೆ ಸಂದು ಬಿದ್ದು ನೀರಿಳಿಯುತ್ತದೆ. ಕಟ್ಟೆಯ ಮೇಲೆ ದಪ್ಪ ಪ್ಲಾಸ್ಟಿಕ್ ಹಾಸಿ, ಕೆಂಪು ನೆಲದ ಮೇಲೆ ಪ್ಲಾಸ್ಟಿಕ್ ಹಾಗೂ ಅದರ ಮೇಲೆ ಹಳೆಯ ಪ್ಲೈ. ಹಸಿ ಸಿಮೆಂಟ್ ಬಿದ್ದರೆ ಕೆಂಪು ಗಾರೆಯ ಮೇಲೆ ಬಿಳಿ ಮಚ್ಚೆ ಕೂರುತ್ತದೆ, ಆಸಿಡ್ ಹಾಕಿ ತೆಗೆಯಲು ಹೋದರೆ ನೆಲವೇ ಹಾಳು. ಗಾರೆ ಒಣಗುವ ಮೂರು ವಾರದಲ್ಲಿ ಬಡಗಿ ಚೌಕಟ್ಟು ಮಾಡಲಿ, ಹಲಗೆಗೆ ಬಣ್ಣ ಹೊರಗೇ ಆಗಲಿ. ಹೊಸ ಪ್ಲಾಸ್ಟರ್ ಮಾಡಿದ ಕಡೆ 28 ದಿನ ಕಳೆಯದೆ ಬಣ್ಣ ಬೇಡ. ಗೋಡೆ ಬಣ್ಣ, ಬಾಗಿಲು ಕೂರಿಸುವುದು ಕೊನೆಗೆ.

ಕಲ್ಲುಚಪ್ಪಡಿ

ಟೈಲ್ ಲೆಕ್ಕ: 3 × 2 ಅಡಿ, 6 ಚದರಡಿ, ಚದರಡಿಗೆ 8 ಟೈಲ್, 48. ಒಡೆಯುವುದಕ್ಕೆ 10% ಸೇರಿಸಿ 53, ಮುಂದೆ ರಿಪೇರಿಗೆ ಇನ್ನೊಂದು ಹತ್ತು ಎತ್ತಿಡಿ. ಪೆಟ್ಟಿಗೆಯ ಮೇಲೆ ಶೇಡ್ ನಂಬರ್, ಬ್ಯಾಚ್ ನಂಬರ್ ಎರಡೂ ಒಂದೇ ಇರಬೇಕು. ಹಸಿರು ಗ್ಲೇಜ್ ಒಂದು ಬ್ಯಾಚಿನಿಂದ ಇನ್ನೊಂದಕ್ಕೆ ಬದಲಾಗುವಷ್ಟು ಬಿಳಿ ಬದಲಾಗುವುದಿಲ್ಲ. 3 ಎಂಎಂ ಸಂದು, ಎಪಾಕ್ಸಿ ಗ್ರೌಟ್, 6 ಚದರಡಿಗೆ ಅರ್ಧ ಕೆಜಿ ಸಾಕು, 1 ಕೆಜಿ ಪ್ಯಾಕ್ ತನ್ನಿ. ಗ್ರೌಟ್ ಬಿಳಿ ಬೇಡ, ಟೈಲಿಗಿಂತ ಒಂದು ಮೆಟ್ಟಿಲು ಕಡುವಾದ ಬೂದು ಹಸಿರು. ಕಲಸಿದ ಎಪಾಕ್ಸಿ ಅರ್ಧ-ಮುಕ್ಕಾಲು ಗಂಟೆಯಲ್ಲಿ ಗಟ್ಟಿಯಾಗುತ್ತದೆ, ಟೈಲ್ ಮೇಲೆ ಉಳಿದ ಪೊರೆಯನ್ನು ಆಗಲೇ ಒದ್ದೆ ಸ್ಪಂಜಿನಲ್ಲಿ ಒರೆಸಬೇಕು. ಮರುದಿನಕ್ಕೆ ಬಿಟ್ಟರೆ ಗ್ಲೇಜ್ ಮೇಲೆ ಮಸುಕು ಉಳಿದುಬಿಡುತ್ತದೆ. ಟೈಲಿಗೂ ಕಟ್ಟೆಗೂ ಸೇರುವ ಮೂಲೆಗೆ ಮಾತ್ರ ಗ್ರೌಟ್ ಅಲ್ಲ, ಬೂಸ್ಟು ನಿರೋಧಕ ಸಿಲಿಕೋನ್.